ನರಸಪ್ಪನವರ ಎಸ್ಕಲೇಟರ್

ರಾಯಚರ್ಲಿನ ನರಸಪ್ಪನವರು ಐವತ್ತು ದಾಟುವ ತನಕ ಬರೀ ನರಸಪ್ಪ. ಬೆಳಗ್ಗೆ ಕುರಿಗಳ ಹಿಂದೆ ಹೋಗುವುದು, ಸಂಜೆ ಕುರಿಗಳ ಹಿಂದೆ ಬರುವುದು. ಸೋಲಾರ್ ವಿದ್ಯುತ್ ಕಂಪನಿಯವರು ಅವರ ಹೊಲವನ್ನು ಗುತ್ತಿಗೆಗೆ ಹಿಡಿದಾಗ ಕಂಪನಿಯ ಸಾಹೇಬರೊಬ್ಬರು ಸಭೆಯಲ್ಲಿ ‘ಮಾನ್ಯ ಭೂಮಾಲೀಕರೇ’ ಎಂದು ಕರೆದು ಕೈ ಕೊಟ್ಟರು. ಆ ಕೈಯನ್ನು ನರಸಪ್ಪನವರು ಇವತ್ತಿಗೂ ಪೂರ್ತಿಯಾಗಿ ಬಿಟ್ಟಿಲ್ಲ.

ಪಾವಗಡದಲ್ಲಿ ಮಹಡಿ ಮನೆ ಕಟ್ಟಿಸಿದರು. ಮೇಲೆ ತಾವು ಮತ್ತು ಹೆಂಡತಿ ಕ್ಯಾತಮ್ಮ. ಕೆಳಗೆ ಬಾಡಿಗೆಗೆ ಬ್ಲೌಸ್ ಹೊಲಿಯುವ ಲೋಹಿತಾ. ಕೆಳಗಿನ ವರಾಂಡದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಸಂಜೆಯಾದರೆ ನರಸಪ್ಪನವರು ಅದರಲ್ಲಿ ಕೂತು, ಬ್ಲೌಸಿಗೆ ಕಾಯುವ ಹೆಂಗಸರಿಗೆ ಸಾಹೇಬರು ಕೈ ಕೊಟ್ಟ ಕಥೆ ಹೇಳುತ್ತಿದ್ದರು. ಬ್ಲೌಸು ಮುಗಿಯುವ ತನಕ ಆ ಹೆಂಗಸರೂ ಎದ್ದು ಹೋಗುವಂತಿರಲಿಲ್ಲ. ಲೋಕದಲ್ಲಿ ನರಸಪ್ಪನವರಿಗೆ ಇದ್ದ ಸಭೆ ಅದೊಂದೇ.

ಈ ಸಲ ಹೊಲದ ಗುತ್ತಿಗೆ ಹಣ ಏರಿದಾಗ ಸಾಹೇಬರು ಆ ಏರಿಕೆಗೆ ‘ಎಸ್ಕಲೇಷನ್’ ಎಂದಿದ್ದರು. ನರಸಪ್ಪನವರು ಆ ಪದವನ್ನು ಜೋಪಾನವಾಗಿ ಮನೆಗೆ ತರುವಷ್ಟರಲ್ಲಿ ದಾರಿಯಲ್ಲಿ ಎಸ್ಕಲೇಟರ್ ಆಗಿತ್ತು. ಮಾರನೆಯ ದಿನವೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೆಳಗಿಳಿದರು.

“ಲೋಹಿತಮ್ಮ, ಎಸ್ಕಲೇಟರ್ ಬಂದೈತೆ. ಬಾಡಿಗೆ ಏರಿಸ್ಬೇಕು.”

ಲೋಹಿತಾ ಸೂಜಿಗೆ ದಾರ ಪೋಣಿಸುತ್ತಲೇ ಬಚ್ಚಲಿನ ನಲ್ಲಿ ಸೋರುವುದನ್ನು ನೆನಪಿಸಿದಳು. ಮಳೆ ಬಂದರೆ ಅಡುಗೆಮನೆ ಗೋಡೆ ಒದ್ದೆಯಾಗುವುದನ್ನೂ ಹೇಳಿದಳು. ನರಸಪ್ಪನವರು ನಕ್ಕರು. ಕಂಪನಿಯವರು ತಮ್ಮ ಹೊಲದ ಕಲ್ಲುಮುಳ್ಳಿನ ಬಗ್ಗೆ ಒಂದು ಮಾತಾದರೂ ಕೇಳಿದರೇ? ಬಾಡಿಗೆ ಎಂದರೆ ಹಾಗಿರಬೇಕು, ಎಲ್ಲಾ ಕಂಪನಿ ರೂಲ್ಸಿನ ಪ್ರಕಾರ ಎಂದರು.

“ಎಲ್ಲಾ ಕಂಪನಿ ರೂಲ್ಸೇ ತಾನೆ ಯಜಮಾನ್ರೇ?”

“ನೂರಕ್ಕೆ ನೂರು ಕಣಮ್ಮ.”

“ಸರಿ ಬುಡಿ. ಒಪ್ಕೊಂಡೆ.”

ಇಷ್ಟು ಸಲೀಸಾಗಿ ಗೆದ್ದಿದ್ದರಿಂದ ನರಸಪ್ಪನವರಿಗೆ ತಮ್ಮ ಮಾತಿನ ಮೇಲೆ ಗೌರವ ಇನ್ನಷ್ಟು ಹೆಚ್ಚಿತು.

ಆದರೆ ಸಂಜೆ ಇಳಿದು ಬಂದರೆ ವರಾಂಡದ ಗೇಟಿಗೆ ಚಿಲಕ. ಕುರ್ಚಿ ಮೆಟ್ಟಿಲಿನ ಕೆಳಗೆ, ನೀರಿನ ಮೋಟರಿನ ಪಕ್ಕ. ಒಳಗೆ ಹೆಂಗಸರ ಗುಂಪು, ನಗು.

“ಇದೇನಮ್ಮ ಇಂಗೆ ಮಾಡ್ಬುಟ್ಟೆ? ನನ್ನ ಮನೆಗೆ ನಾನು ಬರಬ್ಯಾಡ್ವಾ?”

“ನಿಮ್ಮ ಹೊಲ ನೋಡಕ್ಕೆ ಹೋದಾಗ ವಾಚ್‌ಮನ್ನು ಒಳಕ್ಕೆ ಬುಡಲಿಲ್ಲ ಅಂತ ನೀವೇ ಹೇಳಿದ್ರಲ್ಲ. ‘ನನ್ನ ಜಮೀನು ಅಂದ್ರೆ ಎಂಥಾ ಬಂದೋಬಸ್ತು’ ಅಂತ ಎಷ್ಟು ಹೊಗಳಿದ್ರಿ. ಅದೇ ರೂಲ್ಸು.”

ನಿಜ. ಆ ಕಥೆಯನ್ನೂ ಅವರೇ ಆ ಕುರ್ಚಿಯಲ್ಲೇ ಕೂತು ಹೇಳಿದ್ದು.

ನರಸಪ್ಪನವರು ಮಹಡಿ ಹತ್ತಿದರು. ಕ್ಯಾತಮ್ಮ ಟೀವಿ ನೋಡುತ್ತಿದ್ದರು. ಜಾಹೀರಾತು ಬರುವ ತನಕ ಕಾದು, ನರಸಪ್ಪನವರು ಸಾಹೇಬರ ಕಥೆ ಶುರು ಮಾಡಿದರು.

“ಗೊತ್ತು ಬುಡು, ಕೈ ಕೊಟ್ಟ,” ಎಂದು ಕ್ಯಾತಮ್ಮ ಟೀವಿಯ ದನಿ ಏರಿಸಿದರು. ಒಂದೇ ಮಾತಿನಲ್ಲಿ ಕಥೆಯೂ ಮುಗಿದು, ಸಾಹೇಬರ ಮರ್ಯಾದೆಯೂ ಹೋಯಿತು.

ವಾರ ಕಳೆಯಿತು. ಕೆಳಗಿನಿಂದ ಮಿಷನ್ನಿನ ಸದ್ದು, ಮಾತು, ನಗು ಮೇಲಕ್ಕೆ ಬರುತ್ತಿದ್ದವು. ತಾವಿಲ್ಲದೆಯೂ ಅಷ್ಟೊಂದು ನಗುತ್ತಾರಲ್ಲ ಎಂಬುದನ್ನು ನರಸಪ್ಪನವರಿಗೆ ತಡೆಯಲಾಗಲಿಲ್ಲ. ಕಡೆಗೊಂದು ಸಂಜೆ ಪ್ಲಂಬರನ್ನು ಮುಂದಿಟ್ಟುಕೊಂಡು ಬಂದು ಗೇಟಿನ ಹೊರಗೆ ನಿಂತು ಕೆಮ್ಮಿದರು. ನಲ್ಲಿ ರಿಪೇರಿಗೆ ಬಂದಿದ್ದಾಗಿ ಹೇಳಿದರು. ಬಾಡಿಗೆ ಇಳಿಸುವ ಮಾತನ್ನು ಮಾತ್ರ ಎತ್ತಲಿಲ್ಲ. ಆಡಿದ ಮಾತನ್ನು ಭೂಮಾಲೀಕರು ಹಿಂದಕ್ಕೆ ತೆಗೆದುಕೊಳ್ಳುವುದು ಹೆಂಗೆ?

ಲೋಹಿತಾ ಅವರ ಮುಖ ನೋಡಿದಳು. ಅವಳಿಗೂ ಅಯ್ಯೋ ಅನ್ನಿಸಿರಬೇಕು.

“ಯಜಮಾನ್ರೇ, ತುಮಕೂರಲ್ಲಿ ನಾನು ಎಸ್ಕಲೇಟರ್ ನೋಡಿವ್ನಿ. ಏರೋದು ಒಂದಿದ್ರೆ ಪಕ್ಕದಲ್ಲೇ ಇಳಿಯೋದೂ ಒಂದು ಇರ್ತೈತೆ.”

ನರಸಪ್ಪನವರ ಮುಖ ಅರಳಿತು. “ಅದನ್ನೇ ಕಣಮ್ಮ ನಾನು ಹೇಳಕ್ಕೆ ಬಂದಿದ್ದು. ನಮ್ದು ಆ ಪಕ್ಕದ್ದು.”

ಚಿಲಕ ತೆರೆಯಿತು. ಬಾಡಿಗೆ ಹಳೆಯದೇ ನಿಂತಿತು, ಕುರ್ಚಿ ಹಳೆಯ ಜಾಗಕ್ಕೆ ಬಂತು. ನರಸಪ್ಪನವರು ಕೂತು, ಅಂಗಿಯ ತೋಳು ಸರಿಮಾಡಿಕೊಂಡು, ಎದುರಿಗಿದ್ದ ಹೆಂಗಸರ ಕಡೆ ತಿರುಗಿದರು.

“ಎಸ್ಕಲೇಟರ್‌ನಾಗೆ ಎರಡು ಥರ ಐತೆ. ನಮ್ಮ ಸಾಹೇಬ್ರು ಕೈ ಕೊಟ್ಟ ದಿವಸವೇ ಹೇಳಿದ್ರು…”