ಬಸುರಿಯರ ಗುಳಿಗೆ

ಕಾನ್ವೆಂಟಿನಲ್ಲಿ ನೆಟ್‌ಬಾಲ್ ಆಡಿದ್ದೆ ಎಂಬ ಒಂದೇ ಕ್ವಾಲಿಫಿಕೇಶನ್ ಮೇಲೆ, ಜೇವರ್ಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷಿನ ಜೊತೆ ಆಟದ ಪೀರಿಯಡ್ಡೂ ನನ್ನ ಕೊರಳಿಗೆ ಬಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಸೆರಗು ಸಿಕ್ಕಿಸಿಕೊಂಡು ವಿಸಿಲ್ ಊದುವುದೇ ನನ್ನ ಕೋಚಿಂಗ್.

ಇಜೇರಿಯಿಂದ ಬಸ್ಸಿಗೆ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೂರು ಸಾವಿರ ಮೀಟರ್ ಓಡುತ್ತಿದ್ದಳು. ಅವಳ ನ್ಯಾಚುರಲ್ ಸ್ಟ್ರೈಡ್ ನೋಡುವುದೇ ಒಂದು ಸುಖ. ಆದರೆ ಆ ವರ್ಷ ದೀಪಾವಳಿ ಕಳೆದ ಮೇಲೆ ನಾಲ್ಕನೇ ಸುತ್ತಿಗೇ ಕೂತುಬಿಡತೊಡಗಿದಳು. "ಡೋಂಟ್ ಬಿ ಲೇಜಿ, ಚೈಲ್ಡ್" ಎಂದು ಎಷ್ಟು ಸಲ ಗದರಿದೆನೋ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಒಂದು ದಿನ ಕ್ಲಾಸಿನ ಬಳಪವನ್ನು ಕದ್ದು ಕಟಕಟ ಕಡಿಯುತ್ತಿದ್ದವಳನ್ನು ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ಲೇಡಿ ಡಾಕ್ಟರು ಅವಳ ಕೆಳರೆಪ್ಪೆ ಜಗ್ಗಿ ತೋರಿಸಿದರು. ಒಳಗೆ ಬಿಳಿ ಕಾಗದದ ಹಾಗಿತ್ತು. ಮೈಯಲ್ಲಿ ಕಬ್ಬಿಣದ ಅಂಶವಿಲ್ಲ, ಐರನ್ ಕೊಡಿ ಎಂದರು. ತಿಂಗಳ ಮುಟ್ಟು, ಓಟ, ಮೇಲೆ ಕಬ್ಬಿಣ ಮೈಗೆ ಹತ್ತಗೊಡದ ಚಹಾ ದಿನಕ್ಕೆ ಆರು ಸಲ. ರಕ್ತ ಎಲ್ಲಿಂದ ಬರಬೇಕು ಎಂದು ನನ್ನನ್ನೇ ಕೇಳಿದರು.

ನಾನು ನರ್ಸಮ್ಮನಿಂದ ಕೆಂಪು ಗುಳಿಗೆಗಳ ಪೊಟ್ಟಣ ಇಸಿದುಕೊಂಡು ಹುಡುಗಿಯ ಕೈಗಿಟ್ಟು ಬಸ್ ಹತ್ತಿಸಿದೆ. ಅಷ್ಟೇ ನಾನು ಮಾಡಿದ ತಪ್ಪು. ಆ ಕೆಂಪು ಗುಳಿಗೆ ಆಗ ಊರೂರಿನ ಬಸುರಿಯರಿಗಷ್ಟೇ ಹಂಚುತ್ತಿದ್ದದ್ದು. ಬಸ್ಸಿನಲ್ಲಿ ಪಕ್ಕ ಕೂತ ನೆರೆಮನೆಯ ಹೆಂಗಸು ತನ್ನ ಎರಡು ಹೆರಿಗೆಗೂ ಅದನ್ನೇ ನುಂಗಿದವಳು. ಬಸ್ ಇಜೇರಿ ಮುಟ್ಟುವಷ್ಟರಲ್ಲಿ ಸುದ್ದಿಯೂ ಮುಟ್ಟಿತು. ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ.

ಭಾನುವಾರ ನಾನೇ ಹೋದೆ. ತಾಯಿ ಒಲೆಯ ಮುಂದಿಂದ ಏಳಲಿಲ್ಲ.

"ಬಾಯಾರ, ನಿಮಗ ಇಂಗ್ಲಿಷ್ ಬರ್ತದ. ನಮ್ಮ ಮಂದಿ ಹೆಂಗ ಮಾತಾಡ್ತಾರ ಅನ್ನೂದು ಗೊತ್ತಿಲ್ಲ. ಇನ್ನ ಸಾಲೀನೂ ಬ್ಯಾಡ, ಓಟಾನೂ ಬ್ಯಾಡ."

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ರಕ್ತ ಕಡಿಮೆ, ಉಸಿರು ಸಾಲುತ್ತಿಲ್ಲ, ಬೇರೇನೂ ಇಲ್ಲ. ಹುಡುಗಿ ಜೋಳದ ಚೀಲಕ್ಕೆ ಒರಗಿ ನೆಲ ನೋಡುತ್ತಿದ್ದಳು.

"ಖರೇ ಇರಬಹುದ್ರಿ," ಎಂದಳು ತಾಯಿ. "ಆದ್ರ ಮನಿಮನಿಗಿ ಹೋಗಿ ಯಾರು ಹೇಳ್ಬೇಕು?"

ಮೂಲೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದ ಅಜ್ಜಿ ಕೈ ಚಾಚಿದಳು. "ಎಲ್ಲಿ ಆ ಗುಳಿಗಿ? ನನಗೊಂದು ಕೊಡ್ರಿ."

ಹುಡುಗಿಯ ಪೊಟ್ಟಣದಿಂದ ಒಂದು ತೆಗೆದು ಕೊಟ್ಟೆ. ಅವಳು ನೀರಿನ ತಂಬಿಗೆ ಹಿಡಿದು ಹೊರಗಿನ ಕಟ್ಟೆಗೆ ಹೋದಳು. ಅಲ್ಲಿ ನಾಲ್ಕೈದು ಹೆಂಗಸರು ತೊಗರಿ ಹಸನು ಮಾಡುತ್ತಿದ್ದರು, ಬಸ್ಸಿನವಳೂ ಇದ್ದಳು. ಎಲ್ಲರಿಗೂ ಕಾಣುವ ಹಾಗೆ ಗುಳಿಗೆ ಎತ್ತಿ ತೋರಿಸಿ ನುಂಗಿದಳು.

"ನನಗ ನಾಕು ತಿಂಗಳಾತು. ಕುಬಸಕ್ಕ ಯಾರ್ಯಾರು ಸೀರಿ ತರ್ತೀರಿ, ಈಗೇ ಹೇಳ್ರಬೇ."

"ಏನ್ ಮಾತಾಡ್ತಿ ಆಯೀ," ಎಂದಳು ಬಸ್ಸಿನವಳು. "ಮುತ್ಯಾ ಹೋಗಿ ಇಪ್ಪತ್ತು ವರ್ಷ ಆಗ್ಯಾವ."

"ಮತ್ತ? ಈ ಗುಳಿಗಿ ತಿಂದಾಕಿ ಬಸುರಿ ಅಂತ ಊರಿಗೆಲ್ಲ ಹೇಳಿದಾಕಿ ನೀನೇ ಅಲ್ಲೇನ?"

ಮೊದಲು ಒಬ್ಬಳ ಮೊರ ಅಲುಗಿತು, ಆಮೇಲೆ ಎಲ್ಲರೂ ನಕ್ಕರು. ಬಸ್ಸಿನವಳು ನಗಲಿಲ್ಲ, ತಲೆ ತಗ್ಗಿಸಿ ಒಂದು ಕಲ್ಲು ಆರಿಸಿ ಎಸೆದಳು. ತಾಯಿ ಬಾಗಿಲಲ್ಲಿ ನಿಂತು ಕೇಳಿದ್ದಳು. ಸೋಮವಾರ ಮಗಳನ್ನು ಬಸ್ಸಿಗೆ ಕಳಿಸಿದಳು.

ಹುಡುಗಿಗೆ ಊಟದ ಮೇಲಿನ ಚಹಾ ಬಿಡಿಸುವುದೇ ಗುಳಿಗೆ ನುಂಗಿಸುವುದಕ್ಕಿಂತ ಕಷ್ಟವಾಯಿತಂತೆ. ಅದರ ಬದಲು ನಿಂಬೆಹಣ್ಣಿನ ನೀರು. ಮೊಮ್ಮಗಳ ಜೊತೆ ತಾನೂ ದಿನಾ ನುಂಗತೊಡಗಿದ್ದ ಅಜ್ಜಿ ಮಾತ್ರ, "ಚಾ ಬಿಡಾಕ ನಾ ಖರೇನ ಬಸುರಿ ಏನು?" ಎಂದು ವಾರದಲ್ಲೇ ಗುಳಿಗೆ ಬಿಟ್ಟಳಂತೆ.

ಜಿಲ್ಲಾ ಮೀಟ್ ಆ ವರ್ಷ ತಪ್ಪಿಹೋಯಿತು. ಯುಗಾದಿಯ ಹೊತ್ತಿಗೆ ಒಂದು ಬೆಳಿಗ್ಗೆ ಹುಡುಗಿ ಮೂರು ಸಾವಿರ ಮೀಟರಿನ ಏಳೂವರೆ ಸುತ್ತನ್ನೂ ನಿಲ್ಲದೆ ಮುಗಿಸಿ ನನ್ನ ಮುಂದೆ ಬಂದು ನಿಂತಳು. ತುಟಿಗೆ ಬಣ್ಣ ಬಂದಿತ್ತು.

"ಇನ್ನೊಂದು ಹಾಕ್ಲೇನ್ರಿ ಬಾಯಾರ?"

ಹಾಕು ಎಂದೆ.