ಭುಜಂಗಣ್ಣನ ಗದ್ದೆಯ ಕದಿರು

ಭುಜಂಗ ಎಂಬ ಹೆಸರು ಕೇಳಿ ಯಾರಾದರೂ ಹೆದರಿದ್ದರೆ ಅವರು ಪೆರ್ಲದ ಕಡೆಯವರಲ್ಲ ಎಂದು ಖಂಡಿತ ಹೇಳಬಹುದು. ನಮ್ಮ ಭುಜಂಗಣ್ಣ ಬುಸುಗುಟ್ಟಿದ್ದನ್ನು ಯಾರೂ ಕೇಳಿಲ್ಲ. ಆ ಕೆಲಸವನ್ನು ಅವರ ಹೆಂಡತಿ ಸುಂದರಿಯಕ್ಕ ವಹಿಸಿಕೊಂಡಿದ್ದರು, ಮದುವೆಯಾದಂದಿನಿಂದ ಒಂದು ದಿನವೂ ರಜೆ ಹಾಕದೆ ನಡೆಸಿಕೊಂಡು ಬಂದಿದ್ದರು.

ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆಗಳು ಉಳುವವನಿಗೇ ಭೂಮಿ ಎಂಬ ಕಾನೂನು ಬಂದ ಮೇಲೆ ಭುಜಂಗಣ್ಣನ ಮನೆಯವರದ್ದೇ ಆದವು. ಸುತ್ತಲಿನವರೆಲ್ಲ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟಾಗ ಇವರೂ ಇಟ್ಟರು. ಅವರೇನು ಸನ್ಯಾಸಿಯಾ? ಮಗ ಪ್ರವೀಣ ಓದಿ ವಿದ್ಯಾನಗರದ ಆಫೀಸಿನಲ್ಲಿ ಗುಮಾಸ್ತನಾದದ್ದು ಆ ಅಡಿಕೆಯಿಂದಲೇ. ಆದರೆ ನೀರು ಹರಿಯುವ ತೋಡಿನ ಕರೆಯಲ್ಲಿ, ಅದರ ದಡಕ್ಕೆ ತಾಗಿದ್ದ ಒಂದು ಗದ್ದೆಯನ್ನು ಮಾತ್ರ ಮುಟ್ಟಲಿಲ್ಲ. ವರ್ಷ ವರ್ಷವೂ ಅದರಲ್ಲಿ ಕಯಮೆ ಭತ್ತ ಹಾಕಿದರು. ಆ ಭತ್ತದಿಂದ ಮನೆಯ ಊಟ ಒಂದು ತಿಂಗಳೂ ನಡೆಯಲಿಕ್ಕಿಲ್ಲ. ಹಂದಿ ತಿಂದು, ನವಿಲು ತಿಂದು, ಉಳಿದದ್ದು ಇವರಿಗೆ.

"ಇದೆಂತ ಬೇಸಾಯ ನಿಮ್ಮದು? ಕಾಡಿನ ಪ್ರಾಣಿಗಳಿಗೆ ಅನ್ನಛತ್ರವಾ?" ಎಂದು ಸುಂದರಿಯಕ್ಕ ರೇಗುತ್ತಿದ್ದರು.

"ಇರಲಿ ಮಾರಾಯ್ತಿ. ಕದಿರಿಗೆ ಬೇಕಲ್ಲ" ಎನ್ನುತ್ತಿದ್ದರು ಭುಜಂಗಣ್ಣ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಕದಿರಿನ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನವರಾತ್ರಿಯ ಹೊತ್ತಿಗೆ ಭತ್ತದ ಹೊಸ ತೆನೆಯನ್ನು ಮನೆಗೆ ತಂದು, ಮಾವಿನೆಲೆ ಹಲಸಿನೆಲೆಯಲ್ಲಿ ಸುತ್ತಿ, ಬಾಗಿಲಿಗೆ, ಬಾವಿಯ ರಾಟೆಗೆ, ದನದ ಹಟ್ಟಿಗೆ ಕಟ್ಟುವುದು ನಮ್ಮಲ್ಲಿ ಕ್ರಮ. ಈಗೀಗ ಸ್ಕೂಟರಿಗೂ ಕಟ್ಟುತ್ತಾರೆ. ಅದರ ನಾಲ್ಕು ಕಾಳು ಸುಲಿದು ಅನ್ನಕ್ಕೆ ಸೇರಿಸಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಂಡರೆ ಅದೇ ಹೊಸಕ್ಕಿ ಊಟ. ಎಲ್ಲ ಸರಿ. ಆದರೆ ಗದ್ದೆಯೇ ಇಲ್ಲದ ಊರಿನಲ್ಲಿ ಕದಿರು ಎಲ್ಲಿಂದ ತರುವುದು? ಹೀಗೆ ಊರಿಗೆ ಊರೇ ಆ ದಿನ ಬೆಳಿಗ್ಗೆ ಭುಜಂಗಣ್ಣನ ಅಂಗಳಕ್ಕೆ ಬರುವುದು ರೂಢಿಯಾಯಿತು.

ಕೊಡುವುದಾದರೂ ಹೇಗೆ? ಕಟ್ಟು ಕಟ್ಟಿ ಜಗಲಿಯಲ್ಲಿಟ್ಟು "ತೆಗೆದುಕೊಂಡು ಹೋಗಿ" ಎಂದರೆ ಆಗದಾ? ಊಹೂಂ. ಮಿಂದು, ತುಳಸಿಕಟ್ಟೆಯ ಹತ್ತಿರ ನಿಂತು, ಒಬ್ಬೊಬ್ಬರ ಕೈಗೂ ಎರಡೂ ಕೈಯಿಂದ ಕೊಡಬೇಕು. ಕೊಡುವಾಗ ಅಮ್ಮನ ಮಂಡಿನೋವು ಹೇಗುಂಟು, ಮಗಳಿಗೆ ಗಂಡು ನೋಡಿದ್ದು ಎಂತ ಆಯಿತು ಎಂದು ಕೇಳಬೇಕು. ಹಿಂದೆ ನಿಂತವರಿಗೆ ಬದಿಯಡ್ಕದ ಬಸ್ಸು ತಪ್ಪಿದರೂ ಇವರಿಗೆ ಅವಸರವಿಲ್ಲ. ಒಂದು ವರ್ಷವಂತೂ ಕೊಟ್ಟು ಕೊಟ್ಟು ಕೊನೆಗೆ ಸ್ವಂತ ಮನೆಗೇ ಕದಿರು ಇಲ್ಲದೆ, ಸುಂದರಿಯಕ್ಕ ಕೆಳಗಿನ ಮನೆಗೆ ಹೋಗಿ ತಮ್ಮದೇ ಗದ್ದೆಯ ತೆನೆಯನ್ನು ಕೇಳಿ ತರಬೇಕಾಯಿತು. ಅಂದು ಹೊಸಕ್ಕಿ ಊಟಕ್ಕಿಂತ ಮೊದಲೇ ಭುಜಂಗಣ್ಣನ ಹೊಟ್ಟೆ ಬೈಗುಳದಿಂದ ತುಂಬಿತ್ತು.

ಅಂಥ ಮನುಷ್ಯ ಈ ವರ್ಷ ಮಳೆ ಸುರಿಯುವ ಆಟಿ ತಿಂಗಳಲ್ಲಿ, ಗದ್ದೆಗೆ ಭತ್ತದ ನೇಜಿ ನೆಟ್ಟು ಸ್ವಲ್ಪ ದಿನವಾದಾಗ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಸುಂದರಿಯಕ್ಕ ಗದ್ದೆಯ ಕಡೆ ತಿರುಗಿಯೂ ನೋಡಲಿಲ್ಲ. ನೋಡಿಕೊಂಡದ್ದು ಶಾಹುಲ್ ಹಮೀದ್. ಟಿಲ್ಲರ್ ಇಟ್ಟುಕೊಂಡು ಊರಿಗೆಲ್ಲ ಉಳುವ ಇವರು ಎಷ್ಟೋ ವರ್ಷಗಳಿಂದ ಭುಜಂಗಣ್ಣನ ಜೊತೆ ಆ ಕೆಸರಿನಲ್ಲಿ ಇಳಿದವರು. ಯಾರೂ ಹೇಳದಿದ್ದರೂ ದಿನಾ ಬೆಳಿಗ್ಗೆ ಬಂದು ನೀರು ಕಟ್ಟಿದರು, ಕಳೆ ತೆಗೆದರು, ಹಂದಿ ಬಾರದ ಹಾಗೆ ಹಳೆ ಸೀರೆ ಕಟ್ಟಿದರು. "ನಿಮಗೆ ಯಾಕೆ ಹಮೀದಿಚ್ಚ ಈ ಕಷ್ಟ?" ಎಂದು ಪ್ರವೀಣ ಕೇಳಿದರೆ, "ನಿನ್ನ ಅಪ್ಪ ನೆಟ್ಟದ್ದು ಬೆಳೆಯುವುದು ಬೇಡವಾ?" ಎಂದು ಅವನನ್ನೇ ಗದರಿದರು. ಆ ಪುಣ್ಯಾತ್ಮನಿಂದಾಗಿ ನವರಾತ್ರಿಗೆ ಗದ್ದೆ ತುಂಬಿ ಬಾಗಿತ್ತು.

ಈಗ ಸುಂದರಿಯಕ್ಕನ ನಿದ್ದೆ ಹಾರಿಹೋಯಿತು. ಸಾವಿನ ಮನೆ, ವರ್ಷ ಕಳೆದಿಲ್ಲ. ಈ ಮನೆಯಲ್ಲಿ ಕದಿರು ಕಟ್ಟುವ ಹಾಗಿಲ್ಲ, ಹಬ್ಬದ ಹೆಸರೆತ್ತುವ ಹಾಗಿಲ್ಲ. ಅದು ಹೋಗಲಿ. ಊರಿನವರಿಗೆ ಕೊಡುವುದು ಯಾರು? ಕುಂಕುಮ ಅಳಿಸಿದ ಕೈಯಿಂದ ಬೇರೆಯವರ ಮನೆಯ ಶುಭಕ್ಕೆ ತೆನೆ ಕೊಟ್ಟರೆ ಯಾರು ತೆಗೆದುಕೊಂಡಾರು? ಕೈ ಚಾಚಿದವಳ ಎದುರು ಒಬ್ಬರು ಹಿಂದೆ ಸರಿದರೂ ಸಾಕು, ಅದನ್ನು ತಾಳಿಕೊಳ್ಳಲು ತನ್ನಿಂದ ಆಗದು ಎಂದು ಅವರಿಗೆ ಗೊತ್ತಿತ್ತು. ಕೊಡದಿದ್ದರೆ ಗಂಡ ಬದುಕಿಡೀ ಮಾಡಿಕೊಂಡು ಬಂದದ್ದು ಅವರ ಜೊತೆಗೇ ಹೋಯಿತು. ಯೋಚಿಸಿ ಯೋಚಿಸಿ ತಲೆ ಕೆಟ್ಟಿತು. ಕೊನೆಗೆ ಮಗನನ್ನು ಕರೆದರು.

"ಕದಿರು ಕೊಯ್ದು ಬಸ್‌ಸ್ಟಾಂಡಿನ ಕಟ್ಟೆಯಲ್ಲಿ ಬಾಳೆಲೆ ಹಾಸಿ ಇಟ್ಟು ಬಾ. ಬೇಕಾದವರು ತೆಗೆದುಕೊಳ್ಳಲಿ. ಇಲ್ಲಿವರೆಗೆ ಬಂದು ಯಾರಿಗೂ ಸಂಕಟ ಆಗುವುದು ಬೇಡ."

ಪ್ರವೀಣನಿಗೆ ಮನಸ್ಸಿರಲಿಲ್ಲ, ಆದರೆ ಅಮ್ಮನ ಮುಖ ನೋಡಿ ಎದುರಾಡಲಿಲ್ಲ. ಹಮೀದಿಚ್ಚನ ಜೊತೆ ಸೇರಿ ಕೊಯ್ದು, ಬೆಳಕು ಹರಿಯುವಾಗ ಕಟ್ಟೆಯಲ್ಲಿಟ್ಟು ಬಂದ. ಸುಂದರಿಯಕ್ಕ ಒಳಕೋಣೆ ಸೇರಿ ಬಾಗಿಲು ಎಳೆದುಕೊಂಡರು.

ಬಿಸಿಲು ಏರಿತು. ಪುತ್ತೂರಿನ ಬಸ್ಸು ಹೋದದ್ದು ಕೇಳಿಸಿತು. ಎಲ್ಲರೂ ತೆಗೆದುಕೊಂಡು ಹೋಗಿರಬೇಕು ಎಂದುಕೊಂಡರು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಬದಲಿಗೆ ಅಳು ಬಂತು.

ಅಷ್ಟರಲ್ಲಿ ಅಂಗಳದಲ್ಲಿ ತುಂಬ ಜನರ ಹೆಜ್ಜೆ ಸಪ್ಪಳ. "ಅಮ್ಮಾ, ಸ್ವಲ್ಪ ಹೊರಗೆ ಬಾ" ಎಂದ ಪ್ರವೀಣ.

ಬಂದು ನೋಡಿದರೆ ಎದುರಿಗೆ ಹರಿನಾಥಣ್ಣ! ಊರಿನಲ್ಲಿ ಮಡಿ ಮೈಲಿಗೆ, ಸೂತಕ, ಶಾಸ್ತ್ರ ಎಂದು ಎಲ್ಲರ ಜೀವ ತಿನ್ನುವ ಮನುಷ್ಯ. ಬೆಕ್ಕು ಅಡ್ಡ ಬಂದರೆ ಮದುವೆ ದಿಬ್ಬಣವನ್ನೇ ನಿಲ್ಲಿಸುವವರು. ಕಟ್ಟೆಯಲ್ಲಿಟ್ಟ ಕದಿರಿನ ಹೊರೆ ಪೂರ್ತಿ ಅವರ ತಲೆಯ ಮೇಲಿತ್ತು. ಹಿಂದೆ ಊರಿನವರೆಲ್ಲ ನಿಂತಿದ್ದರು, ತೋಟದ ಕೆಲಸಕ್ಕೆ ಹೊರಟವರು, ಶಾಲೆಯ ಟೀಚರ್, ಮೇಲಿನ ಮನೆಗೆ ಹೊಸದಾಗಿ ಮದುವೆಯಾಗಿ ಬಂದ ಮೋಕ್ಷಿತಾ. ಒಬ್ಬರ ಕೈಯಲ್ಲೂ ಒಂದು ತೆನೆ ಇರಲಿಲ್ಲ.

ವಾಪಸು ಕೊಡಲಿಕ್ಕೇ ಬಂದದ್ದು ಎಂದು ತಿಳಿದು ಸುಂದರಿಯಕ್ಕ ಬಾಗಿಲ ದಾರಂದ ಹಿಡಿದು ನಿಂತರು.

"ಎಂತ ಸುಂದರಿಯಕ್ಕ, ಕದಿರನ್ನು ಬಸ್‌ಸ್ಟಾಂಡಿನಲ್ಲಿ ಇಡುವುದಾ?" ಎಂದರು ಹರಿನಾಥಣ್ಣ. "ಈ ಮನೆಯ ಕೈಯಿಂದ ಅಲ್ಲದೆ ನಾವು ಯಾವಾಗ ತೆಗೆದುಕೊಂಡದ್ದು?"

"ನನ್ನ ಕೈ ಆಗುವುದಿಲ್ಲ ಹರಿನಾಥಣ್ಣ. ನಿಮಗೆ ಗೊತ್ತಿಲ್ಲದ ಶಾಸ್ತ್ರವಾ?"

ಹರಿನಾಥಣ್ಣ ಹೊರೆಯನ್ನು ತುಳಸಿಕಟ್ಟೆಯ ಬಳಿ ಇಳಿಸಿದರು. ಆಮೇಲೆ ಹೇಳಿದರು, "ನನ್ನ ಹೆಂಡತಿ ತೀರಿಹೋದ ವರ್ಷ ನಾನು ಇಲ್ಲಿಗೆ ಬಂದಿರಲಿಲ್ಲ. ಭುಜಂಗನೇ ನನ್ನ ಮನೆಗೆ ಬಂದ. ನಿನ್ನ ಮನೆಗೆ ಸೂತಕ ಇರಬಹುದು, ನಿನ್ನ ದನಕ್ಕೆಂತ ಸೂತಕ, ಹಟ್ಟಿಗೆ ಕಟ್ಟು ಎಂದು ಕೈಯಲ್ಲಿ ಇಟ್ಟು ಹೋದ. ಹೆಂಡತಿ ಸತ್ತ ನನ್ನ ಕೈ ಕದಿರು ಕಟ್ಟಲಿಕ್ಕೆ ಆಯಿತು. ಊರಿನಲ್ಲಿ ಒಬ್ಬರೂ ತಪ್ಪು ಹೇಳಲಿಲ್ಲ. ನಿಮ್ಮ ಕೈಗೆ ಮಾತ್ರ ಎಂತ ಆಗಿದೆ?"

ಶಾಸ್ತ್ರ ಎಂದರೆ ಪ್ರಾಣ ಬಿಡುವ ಮನುಷ್ಯ ಎರಡೂ ಕೈ ಚಾಚಿ ನಿಂತಿದ್ದರು. ಚಾಚಿದ ಕೈ ಹಿಂದೆ ಹೋಗಲಿಲ್ಲ.

ಸುಂದರಿಯಕ್ಕ ಕೈಕಾಲು ತೊಳೆದು ಬಂದರು. ಮೊದಲ ಕಟ್ಟನ್ನು ಹರಿನಾಥಣ್ಣನ ಕೈಯಲ್ಲಿಟ್ಟರು. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಸುಂದರಿಯಕ್ಕನ ಕಣ್ಣಿನಲ್ಲಿ ನೀರು ಹರಿಯುತ್ತಲೇ ಇತ್ತು, ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಈ ಜನರನ್ನು ತನಗಾಗಿ ಗಳಿಸಿಟ್ಟು ಹೋದ ಗಂಡನ ಮೇಲೆ, ಬದುಕಿದ್ದಾಗ ಎಂದೂ ಬಾಯಿಬಿಟ್ಟು ಹೇಳದಷ್ಟು ಪ್ರೀತಿ ಉಕ್ಕಿತು. ಅಂಗಳದ ಕರೆಯಲ್ಲಿ ಕೆಸರು ಕಾಲಿನಲ್ಲೇ ನಿಂತಿದ್ದ ಶಾಹುಲ್ ಹಮೀದರ ಕಡೆ ತಿರುಗಿ ಕೈ ಮುಗಿದರು. ಅವರು ಮುಖ ಬೇರೆ ಕಡೆ ಮಾಡಿಕೊಂಡರು.

ಕೊನೆಯಲ್ಲಿ ಉಳಿದವಳು ಮೋಕ್ಷಿತಾ. ಈ ಊರಿನ ಕ್ರಮ ಅವಳಿಗೆ ಹೊಸತು. ಕದಿರನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಕೇಳಿದಳು, "ಅಕ್ಕ, ಬರುವ ವರ್ಷವೂ ಇಲ್ಲಿಗೇ ಬರುವುದಾ?"

"ಇಲ್ಲಿಗೇ ಬಾ" ಎಂದರು ಸುಂದರಿಯಕ್ಕ. "ನಾನೇ ಕೊಡುತ್ತೇನೆ."