ನಾನು ಕಟ್ಟದ ಗಂಟು

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರ ಬಗ್ಗೆ ನನಗೆ ಎಂದೂ ಗೌರವವಿರಲಿಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಅಂಥ ಕಥೆಗಳಲ್ಲಿ ಸಾಕ್ಷಿ ಯಾವಾಗಲೂ ತೀರಿಕೊಂಡಿರುತ್ತಾನೆ, ದೀಪ ಯಾವಾಗಲೂ ಆರಿರುತ್ತದೆ, ಹೇಳುವವನ ಸೋದರಮಾವನ ಸ್ನೇಹಿತನಿಗೆ ಮಾತ್ರ ಎಲ್ಲವೂ ಕಂಡಿರುತ್ತದೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಆಮೇಲೆ ಕಲಿತದ್ದೆಲ್ಲ ಸ್ವಂತ ಓದಿನಿಂದ. ಪುಸ್ತಕದಲ್ಲಿದೆ ಎಂದಾಗಲಿ, ಹಿರಿಯರು ಹೇಳಿದರು ಎಂದಾಗಲಿ, ಪರೀಕ್ಷಿಸದೆ ಯಾವ ಮಾತನ್ನೂ ಒಪ್ಪಿದವನಲ್ಲ. ಅಂಥವನೇ ಈಗ ಇದನ್ನು ಬರೆಯಲು ಕುಳಿತಿರುವುದು ನನಗೆ ಕಿರಿಕಿರಿಯ ಸಂಗತಿ. ನನ್ನ ಪ್ರಸಂಗದಲ್ಲಿ ದೀಪ ಆರಿರಲಿಲ್ಲ, ಅದು ನಡುಹಗಲು. ಸಾಕ್ಷಿಗಳೂ ಬದುಕಿದ್ದರು. ಅದರಿಂದ ಏನೂ ಪ್ರಯೋಜನವಾಗಲಿಲ್ಲ ಎಂಬುದು ಬೇರೆ ಮಾತು.

ಭದ್ರಾವತಿಯಲ್ಲಿ ಗುತ್ತಿಗೆ ಕೂಲಿಯಾಗಿ ಹಗ್ಗ, ಸರಪಳಿ, ಕಪ್ಪಿಗಳ ಕೆಲಸ ಕಲಿತ ನಾನು ಅದೇ ವಿದ್ಯೆಯನ್ನು ಹಿಡಿದು ಒಮಾನಿಗೆ ಹೋದವನು. ಅಲ್ಲಿ ನಮ್ಮ ಕಂಪನಿಯ ಆಳುಗಳು ದೊಡ್ಡ ಎಣ್ಣೆಟ್ಯಾಂಕುಗಳ ಮೇಲೆ ಹಗ್ಗದಲ್ಲಿ ತೂಗಾಡುತ್ತ ಬಣ್ಣ ಬಳಿಯುವ, ಬೆಸುಗೆ ಪರೀಕ್ಷಿಸುವ ಕೆಲಸ ಮಾಡುತ್ತಿದ್ದರು. ಅವರ ಹಗ್ಗಗಳ ಹೊಣೆ ನನ್ನದು. ಎಣ್ಣೆಯ ಬೆಲೆ ಕುಸಿದ ವರ್ಷಗಳಲ್ಲಿ ಟ್ಯಾಂಕಿನ ಕೆಲಸ ನಿಂತುಹೋಯಿತು. ಅಲ್ ಖುವೈರಿನ ಆಫೀಸಿನಲ್ಲಿದ್ದ ನಮ್ಮ ಮ್ಯಾನೇಜರ್, ಬೆಂಗಳೂರಿನವರು, ಖರ್ಜೂರದ ಮರಗಳನ್ನು ಸವರಿಕೊಡುವ ಗುತ್ತಿಗೆ ಹಿಡಿದರು. ಟ್ಯಾಂಕು ಹತ್ತಿದವನಿಗೆ ಮರ ಯಾವ ಲೆಕ್ಕ ಎಂಬುದು ಅವರ ತರ್ಕ. ಟ್ಯಾಂಕಿಗೆ ಕಬ್ಬಿಣದ ಕೊಂಡಿಗಳಿರುತ್ತವೆ, ಮರಕ್ಕಿರುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವರ ಕಿವಿಗೆ ಹೋಗಲಿಲ್ಲ.

ಅದುವರೆಗೆ ಒಬ್ಬ ಮೇಲೆ ಹತ್ತಿದರೆ ಕೆಳಗೆ ಇಬ್ಬರು ಇರಬೇಕೆಂದು ನಾನೇ ನಿಯಮ ಮಾಡಿದ್ದೆ. ಮ್ಯಾನೇಜರ್ ನನ್ನನ್ನು ಕರೆಸಿ, "ಯಜಮಾನ್ರೇ, ಹತ್ತೋಕೆ ಒಬ್ಬ, ಅವನನ್ನ ನೋಡ್ಕೊಳ್ಳೋಕೆ ಒಬ್ಬ, ಸರಿ. ನೋಡ್ಕೊಳ್ಳೋನನ್ನ ನೋಡ್ಕೊಳ್ಳೋಕೂ ಒಬ್ಬ ಬೇಕಾ?" ಎಂದು ನಕ್ಕರು. ಬೇಕು ಎಂದೆ. ಮರುತಿಂಗಳು ಶಫೀಕ್ ಎಂಬ ಬಾಂಗ್ಲಾದೇಶದ ಸಹಾಯಕನನ್ನು ಊರಿಗೆ ಕಳಿಸಿದರು. ಕೆಳಗೆ ಉಳಿದವನು ನಾನೊಬ್ಬನೇ.

ನಮ್ಮ ಕ್ರಮವನ್ನು ಓದುಗರಿಗೆ ಸ್ಪಷ್ಟವಾಗಿ ಹೇಳದಿದ್ದರೆ ಮುಂದಿನದು ಅರ್ಥವಾಗದು. ಹತ್ತುವವನ ಸೊಂಟದ ಬೆಲ್ಟಿನಿಂದ ಕಾಂಡವನ್ನು ಬಳಸಿ ಒಂದು ಗಿಡ್ಡ ಹಗ್ಗವಿರುತ್ತದೆ. ಅದನ್ನು ಮೇಲೆ ಮೇಲೆ ಜರುಗಿಸುತ್ತ ಅವನು ಹತ್ತುತ್ತಾನೆ. ಆದರೆ ಮರದ ತಲೆಯ ಕೆಳಗೆ ಒಣಗರಿಗಳ ದಟ್ಟ ಜೂಲು ಅಡ್ಡ ಬರುತ್ತದೆ; ಅಲ್ಲಿ ಗಿಡ್ಡ ಹಗ್ಗವನ್ನು ಬಿಚ್ಚಿ, ಜೂಲಿನ ಮೇಲಕ್ಕೆ ದಾಟಿಸಿ, ಮತ್ತೆ ಹಾಕಬೇಕು. ಆ ಒಂದು ಗಳಿಗೆಗಾಗಿಯೇ ಎರಡನೆಯ ಹಗ್ಗ. ಮರಳಿನ ಚೀಲ ಕಟ್ಟಿ ಎಸೆದು ಅದನ್ನು ಮೊದಲೇ ಹಸಿಗರಿಗಳ ಬುಡದ ಮೇಲಿಂದ ಹಾಯಿಸಿರುತ್ತೇವೆ. ಒಂದು ತುದಿ ಹತ್ತುವವನ ಬೆಲ್ಟಿಗೆ, ಇನ್ನೊಂದು ತುದಿ ಕೆಳಗಿರುವವನ ಕೈಗೆ. ಆಳು ಜೂಲನ್ನು ಮುಟ್ಟಿದಾಗ ಕೆಳಗಿರುವವನು ಹಗ್ಗವನ್ನು ಬಿಗಿಯಾಗಿ ಎಳೆದು, ಪಕ್ಕದ ಮರದ ಬುಡಕ್ಕೆ ಭದ್ರಪಡಿಸಿ, "ಖಲಾಸ್" ಎಂದು ಕೂಗಬೇಕು. ಆ ಮಾತು ಕಿವಿಗೆ ಬಿದ್ದ ಮೇಲಷ್ಟೇ ಮೇಲಿರುವವನು ಗಿಡ್ಡ ಹಗ್ಗವನ್ನು ಬಿಚ್ಚಬೇಕು. ತುಳುವರು, ಮಲಯಾಳಿಗಳು, ಬಂಗಾಳಿಗಳು ಕೂಡಿ ಕೆಲಸ ಮಾಡುವಲ್ಲಿ ಎಲ್ಲರಿಗೂ ಗೊತ್ತಿರುವ ಅರಬ್ಬಿ ಶಬ್ದವೇ ಒಳ್ಳೆಯದೆಂದು ಆ ಸಂಕೇತವನ್ನು ಆರಿಸಿದವನೂ ನಾನೇ. ಮುಗಿಯಿತು, ಆಯಿತು, ಸಾಕು ಎಂಬುದಕ್ಕೆಲ್ಲ ಅಲ್ಲಿ ಅದೊಂದೇ ಶಬ್ದ. ಇಷ್ಟೊಂದು ಅರ್ಥವಿರುವ ಶಬ್ದವನ್ನು ಸಂಕೇತವಾಗಿ ಆರಿಸಿದ ನನ್ನ ಜಾಣತನಕ್ಕೆ ಏನು ಹೇಳಬೇಕೋ ತಿಳಿಯದು.

ಆ ಜನವರಿಯಲ್ಲಿ ನಾವು ಸಹಮ್‌ನ ಒಂದು ತೋಟದಲ್ಲಿದ್ದೆವು. ಹತ್ತುವವನು ವಾಮನ, ಕಾರ್ಕಳದ ಕಡೆಯವನು, ನಲವತ್ತರ ಆಸುಪಾಸು. ಟ್ಯಾಂಕಿನ ಕೆಲಸದಲ್ಲಿ ನನ್ನ ಕೈಕೆಳಗೆ ಪಳಗಿದವನು. ತೋಟದ ಯಜಮಾನರ ತಂದೆ ಖಲ್ಫಾನ್ ಎಂಬ ಮುದುಕರು ದಿನವೂ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ನಮ್ಮನ್ನು ನೋಡುತ್ತ ಕೂರುತ್ತಿದ್ದರು. ಕಿವಿ ಮಂದ, ಕಣ್ಣಿಗೆ ಪೊರೆ, ಕೈ ನಡುಗುತ್ತಿತ್ತು. ನಾಲಿಗೆ ಮಾತ್ರ ನೆಟ್ಟಗಿತ್ತು. ಅವರ ಕಾಲದಲ್ಲಿ ನಾರಿನ ಒಂದೇ ಹಗ್ಗವನ್ನು ಬೆನ್ನಿಗೆ ಬಳಸಿ ಇಡೀ ತೋಟ ಹತ್ತಿಳಿಯುತ್ತಿದ್ದರಂತೆ. ನಮ್ಮ ಕೊಕ್ಕೆ, ಬೆಲ್ಟುಗಳನ್ನು ಕಂಡು ಅವರು ತಮ್ಮ ಹಿಂದಿಯಲ್ಲಿ, "ಏಕ್ ಆದ್ಮೀ, ದೋ ರಸ್ಸೀ? ತುಮ್ ಲೋಗ್ ಮರ್ನೇ ಸೇ ಬಹುತ್ ಡರ್ತಾ ಹೈ" ಎಂದು ಛೇಡಿಸುತ್ತಿದ್ದರು. ಹೌದು, ಒಬ್ಬನಿಗೆ ಎರಡು ಹಗ್ಗ, ಸಾಯಲು ಹೆದರುತ್ತೇವೆ, ಅದಕ್ಕೇ ಬದುಕಿದ್ದೇವೆ ಎಂದು ನಾನೂ ಹೇಳುತ್ತಿದ್ದೆ.

ಆ ದಿನ ಮಧ್ಯಾಹ್ನ ತೋಟದ ಆಳುಗಳೆಲ್ಲ ನಮಾಜಿಗೆ, ಊಟಕ್ಕೆ ಹೋಗಿದ್ದರು. ನಮ್ಮ ಡ್ರೈವರ್ ಗೇಟಿನ ಹೊರಗೆ ವಾಹನದಲ್ಲಿ ಮಲಗಿದ್ದ. ಇನ್ನೊಂದೇ ಮರ, ಮುಗಿಸಿಯೇ ಉಣ್ಣೋಣ ಎಂದು ವಾಮನ ಹಟ ಹಿಡಿದು ಹತ್ತಿದ. ಅವನು ಜೂಲಿನ ಹತ್ತಿರ ತಲುಪಿದ್ದ. ಹಗ್ಗದ ತುದಿ ನನ್ನ ಪಾದದ ಬಳಿ ಮರಳಿನ ಮೇಲೆ ಬಿದ್ದಿತ್ತು. ಅದನ್ನು ಭದ್ರಪಡಿಸುವ ಉಕ್ಕಿನ ಕೊಕ್ಕೆ ನನ್ನ ಬಲಗೈಯಲ್ಲಿತ್ತು. ಕಟ್ಟಬೇಕಾದ ಮರ ನನ್ನ ಬೆನ್ನ ಹಿಂದೆ ಆರು ಹೆಜ್ಜೆ. ಖಲ್ಫಾನರು ನನ್ನ ಎದುರಿಗೆ, ಎರಡೂ ಕೈಗಳನ್ನು ಊರುಗೋಲಿನ ಮೇಲಿಟ್ಟು ಕುಳಿತಿದ್ದರು.

ಕಂಡದ್ದನ್ನೆಲ್ಲ ಕೇಳಿ ಬರೆದುಕೊಳ್ಳುವುದು ನನ್ನ ಚಟ. ಈ ಮರ ಯಾವ ಜಾತಿ ಎಂದು ಮುದುಕರನ್ನು ಕೇಳಿದೆ. ಅವರು ಮೆಲ್ಲಗೆ, "ಖಲಾಸ್" ಎಂದರು. ನನ್ನ ಪ್ರಶ್ನೆಗಳಿಂದ ಬೇಸತ್ತು ಇನ್ನು ಸಾಕು ಎನ್ನುತ್ತಿದ್ದಾರೆಂದು ತಿಳಿದು ನನಗೆ ರೇಗಿತು. ಒಂದು ಮಾತು ಕೇಳಿದರೆ ಇಷ್ಟು ಅಸಡ್ಡೆಯೇ ಎಂದು, ಅವರ ಮಂದಗಿವಿಗೆ ತಲುಪಲೆಂದು, ಗಟ್ಟಿಯಾಗಿ, "ಖಲಾಸ್?" ಎಂದೆ. ಅವರು ತಲೆಯಾಡಿಸಿ, ಮರವನ್ನು ಊರುಗೋಲಿನಿಂದ ತೋರಿಸಿ ಮತ್ತೆ ಅದನ್ನೇ ಹೇಳಿದರು. ಖಲಾಸ್ ಎಂಬುದು ಖರ್ಜೂರದ ಒಂದು ಉತ್ತಮ ಜಾತಿಯ ಹೆಸರೆಂದು ನನಗೆ ಹೊಳೆದದ್ದು ಆಗ.

ಅದೇ ಕ್ಷಣದಲ್ಲಿ ಮೇಲಿನಿಂದ ವಾಮನನ ದನಿ ಕೇಳಿಸಿತು. "ಆಯ್ತು ಅಣ್ಣ."

ಗಿಡ್ಡ ಹಗ್ಗದ ಕೊಕ್ಕೆ ಬಿಚ್ಚಿಕೊಂಡ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ತಲೆಯೆತ್ತಿದಾಗ ಅವನು ಹಿಂದಕ್ಕೆ ವಾಲಿ ತನ್ನ ಪೂರ್ತಿ ಭಾರವನ್ನು ಎರಡನೆಯ ಹಗ್ಗಕ್ಕೆ ಬಿಟ್ಟಿದ್ದ. ಆ ಹಗ್ಗ ಜಾರಿ ಮೇಲಕ್ಕೆ ಓಡಬೇಕಿತ್ತು, ಅವನು ಬೀಳಬೇಕಿತ್ತು. ಎತ್ತರ ನಾಲ್ಕಾಳಿಗೂ ಹೆಚ್ಚು. ಅವನು ಬೀಳಲಿಲ್ಲ. ಹಗ್ಗ ನನ್ನ ಭುಜದ ಪಕ್ಕದಲ್ಲಿ ತಂತಿಯಂತೆ ಬಿಗಿದು ನಿಂತಿತು.

ತಿರುಗಿ ನೋಡಿದೆ. ತುದಿ ನನ್ನ ಪಾದದ ಬಳಿ ಇರಲಿಲ್ಲ. ಹಿಂದಿನ ಮರದ ಬುಡಕ್ಕೆ ಎರಡು ಸುತ್ತು ಬಂದು, ಗಂಟು ಬಿದ್ದು, ಉಳಿದ ಬಾಲ ಮತ್ತೆ ಮೂಲ ಹಗ್ಗವನ್ನೇ ಬಳಸಿ ಇನ್ನೊಂದು ಚಿಕ್ಕ ಗಂಟಾಗಿತ್ತು. ಮೊದಲ ಗಂಟು ಸಡಿಲಿದರೆ ಎರಡನೆಯದು ಹಿಡಿಯಲಿ ಎಂದು ಯೋಚಿಸಿದವನು ಹಾಕಿದ ಗಂಟು. ಕೊಕ್ಕೆ ನನ್ನ ಕೈಯಲ್ಲೇ ಇತ್ತು.

ನನಗೆ ಆಗ ಇದ್ದ ಚಿಂತೆ ಒಂದೇ. ಆ ಗಂಟನ್ನು ನಾನು ಹಾಕಿಲ್ಲ. ಅದು ಎಷ್ಟು ಹೊತ್ತು ಹಿಡಿದೀತೆಂಬುದು ನನಗೆ ಗೊತ್ತಿಲ್ಲ. ಹೋಗಿ ಹಗ್ಗವನ್ನು ಎರಡೂ ಕೈಗಳಿಂದ ಅವುಚಿ ಹಿಡಿದು, ಗಿಡ್ಡ ಹಗ್ಗವನ್ನು ತಕ್ಷಣ ಹಾಕಿಕೊಳ್ಳುವಂತೆ ವಾಮನನಿಗೆ ಹೇಳಿದೆ. ಅವನು ಆರಾಮವಾಗಿ ತೂಗುತ್ತ ಅಂಗೈಗೆ ಚುಚ್ಚಿದ ಮುಳ್ಳು ಕೀಳುತ್ತಿದ್ದ.

"ಎಂತ ಅಣ್ಣ, ಖಲಾಸ್ ಹೇಳಿದ್ದು ನೀವೇ ಅಲ್ವಾ? ಈ ಮುಳ್ಳೊಂದು ತೆಗೀತೇನೆ ಮಾರಾಯ್ರೆ."

"ಮುಳ್ಳು ಇರಲಿ. ಮೊದಲು ಹಗ್ಗ ಹಾಕು."

ಗೊಣಗುತ್ತ ಹಾಕಿಕೊಂಡ. ಕೊಕ್ಕೆ ಕಚ್ಚಿದ ಸದ್ದು ಕೇಳಿದ ಮೇಲೆ ಹಗ್ಗದಿಂದ ಕೈ ತೆಗೆದೆ. ಆ ಗಂಟಿನ ಹಿಂದೆ ನನ್ನ ಕೊಕ್ಕೆಯನ್ನೂ ಹಾಕಿ, ಇಳಿದು ಬರಲು ಹೇಳಿದೆ. ಅವನು ಇಳಿದಾದ ಮೇಲೆ ಗಂಟನ್ನು ಪರೀಕ್ಷಿಸಿದೆ. ನಾನು ಹಾಕುವುದು ಎಂಟರ ಆಕಾರದ ಗಂಟು ಮಾತ್ರ; ಆಳುಗಳಿಗೂ ಅದನ್ನೇ ಕಲಿಸಿದ್ದೆ. ಇದು ಅದಲ್ಲ. ಸುತ್ತುಗಳು ಬಲಗೈಯವನು ಹಾಕುವುದಕ್ಕೆ ವಿರುದ್ಧ ದಿಕ್ಕಿನಲ್ಲಿದ್ದವು. ಬಿಚ್ಚಲು ಸ್ಕ್ರೂಡ್ರೈವರಿನ ಮೊನೆ ಬೇಕಾಯಿತು. ಒಂದು ಫೋಟೋ ತೆಗೆದಿಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ಹಗ್ಗದ ಹತ್ತಿರ ಯಾರೂ ಮೊಬೈಲು ತರಕೂಡದೆಂಬ ಕಟ್ಟಪ್ಪಣೆ ನನ್ನದೇ. ಮೊಬೈಲು ವಾಹನದಲ್ಲಿತ್ತು. ಅದನ್ನು ನೆನೆದರೆ ನನಗೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಆಮೇಲೆ ಶುರುವಾದದ್ದು ವಿವರಣೆಗಳ ಕಾಟ. ನಡುಹಗಲಿನಲ್ಲಿ ಖರ್ಜೂರದ ಬುಡದಲ್ಲಿ ಜಿನ್ ಎಂಬ ಭೂತವಿರುತ್ತದೆ ಎಂದ ಡ್ರೈವರ್. ಜಿನ್ನಿಗೆ ಎರಡು ಗಂಟು ಹಾಕುವ ಮುನ್ನೆಚ್ಚರಿಕೆ ಏಕೆ ಎಂದು ಕೇಳಿದರೆ ಅವನು ಗಾಡಿ ಶುರುಮಾಡಿದ. ಖಲ್ಫಾನರನ್ನು ಕೇಳಿದರೆ, ನಿನ್ನ ಜೊತೆಗಿರುವ ಆಳು ಕಟ್ಟಿದ ಎಂದರು. ಯಾವ ಆಳು ಎಂದರೆ, ಯಾವಾಗಲೂ ಇರುತ್ತಾನಲ್ಲ, ಅವನು. ಒಂದು ದಿನ ಅವನು ಕುಳ್ಳ ಎಂದರು, ಮರುದಿನ ಉದ್ದ ಎಂದರು. ಮೂರನೆಯ ದಿನ, ಒಂದು ಮರಕ್ಕೆ ಎಷ್ಟು ಪ್ರಶ್ನೆ ಎಂದು ನನ್ನ ಮೇಲೆಯೇ ರೇಗಿದರು. ಕಣ್ಣಿಗೆ ಪೊರೆ ಬಂದವರ ಸಾಕ್ಷಿಯನ್ನು ನಾನು ಒಪ್ಪಲಾರೆ. ಆದರೆ ಯಾರೋ ಕಟ್ಟಿದ್ದನ್ನು ಕಂಡೆನೆಂದು ಅವರು ಕೊನೆಯವರೆಗೂ ಹೇಳುತ್ತಿದ್ದರು.

ಈ ಮಾತು ನಾವಿದ್ದ ಕಾರ್ಮಿಕರ ಕ್ಯಾಂಪಿಗೆ ಹೋಗಿ, ಕಟ್ಟಿದ್ದು ಶಫೀಕನ ಆತ್ಮವೆಂದು ಸುದ್ದಿಯಾಯಿತು. ಆತ್ಮವಾಗಬೇಕಾದರೆ ಮೊದಲು ಸಾಯಬೇಕಲ್ಲ ಎಂದು ನಾನು ಅವನ ಊರಿಗೇ ಫೋನು ಮಾಡಿದೆ. ಅವನು ತರಕಾರಿ ಅಂಗಡಿ ಇಟ್ಟು ಸುಖವಾಗಿದ್ದ. ಗಂಟನ್ನು ವಿವರಿಸಿ ಕೇಳಿದರೆ, ಅಂಥದ್ದು ತನಗೆ ಗೊತ್ತೇ ಇಲ್ಲ ಎಂದು ನಕ್ಕ.

ಮ್ಯಾನೇಜರರ ವಿವರಣೆ ಎಲ್ಲಕ್ಕಿಂತ ನಯವಾದದ್ದು. "ಮೂವತ್ತು ವರ್ಷದ ಕೈ ಯಜಮಾನ್ರೇ, ತನ್ನಷ್ಟಕ್ಕೇ ಕಟ್ಟಿರುತ್ತೆ. ನಿಮಗೆ ನೆನಪಿಲ್ಲ, ಅಷ್ಟೇ." ಇದನ್ನು ನಾನು ತಳ್ಳಿಹಾಕಲಿಲ್ಲ, ನಾನೇ ಯೋಚಿಸಿದ್ದೂ ಅದನ್ನೇ. ಆದರೆ ಅಭ್ಯಾಸದ ಕೈ ಅಭ್ಯಾಸದ ಗಂಟನ್ನು ಹಾಕಬೇಕು. ಕೋಣೆಯಲ್ಲಿ ಮಂಚದ ಕಾಲಿಗೆ ಆ ಗಂಟು ಹಾಕಲು ವಾರಗಟ್ಟಲೆ ಪ್ರಯತ್ನಪಟ್ಟೆ. ಎಡಗೈಯಲ್ಲಿ ಹಾಕಿದೆ, ಬೇರೊಬ್ಬರೊಡನೆ ಮಾತನಾಡುತ್ತ ಹಾಕಿದೆ. ಒಮ್ಮೆಯೂ ಬರಲಿಲ್ಲ. ಕೈಯಲ್ಲಿ ಕೊಕ್ಕೆ ಇದ್ದಾಗ ಗಂಟು ಹಾಕುವ ಅಗತ್ಯವೇ ಇರಲಿಲ್ಲ ಎಂಬುದು ಬೇರೆ.

ವಾಮನನಿಗೆ ನಾನು ಅಂದು ಸಂಜೆಯೇ ನಿಜ ಹೇಳಿದ್ದೆ. ನನ್ನ ಬಾಯಿಂದ ಬಂದ ಮಾತಿನಿಂದ ನೀನು ಸಾಯುತ್ತಿದ್ದೆ, ನಾನು ಕಟ್ಟಿರಲಿಲ್ಲ ಎಂದೆ. ಅವನು ಅನ್ನ ಕಲಸುತ್ತ ನಕ್ಕ. "ನೀವಲ್ಲದೆ ಮತ್ತೆ ಯಾರು ಕಟ್ಟುದು ಅಣ್ಣ? ಪ್ರಾಯ ಆಯ್ತು ನಿಮಗೆ, ಮರ್ತುಹೋಗಿದೆ. ಕಟ್ಟುದು ಮರೀಲಿಲ್ಲ ಅಲ್ವಾ, ಸಾಕು."

ಸಂಕೇತದ ಶಬ್ದವನ್ನು ಬದಲಿಸಿದೆ. ಗಿಡ್ಡ ಹಗ್ಗ ಬಿಚ್ಚುವ ಮೊದಲು ಕೆಳಗೆ ನೋಡಿ, ಕಟ್ಟಿರುವುದನ್ನು ಕಣ್ಣಾರೆ ಕಂಡೇ ಬಿಚ್ಚಬೇಕೆಂದು ಹೊಸ ನಿಯಮ ಮಾಡಿದೆ. ತಿಂಗಳ ಕೊನೆಗೆ ಸೀಬ್‌ನ ಒಂದು ವಿಲ್ಲಾದ ಅಂಗಳದಲ್ಲಿ ವಾಮನ ಹತ್ತಿದ. ನಾನು ಕೊಕ್ಕೆ ಹಾಕಿ, ನಾಲ್ಕು ಸಲ ಜಗ್ಗಿ ನೋಡಿ, "ಬಿಗಿದೆ" ಎಂದು ಕೂಗಿದೆ. ಅವನು ಕೆಳಗೆ ನೋಡಲಿಲ್ಲ, ಸೀದಾ ಬಿಚ್ಚಿದ. ಇಳಿದ ಮೇಲೆ, ನೋಡಿ ಬಿಚ್ಚಬೇಕೆಂದು ಹೇಳಿರಲಿಲ್ಲವೇ ಎಂದು ಗದರಿದೆ.

"ಎಂತ ನೋಡುದು ಅಣ್ಣ?" ಎಂದ. "ಆ ದಿನ ನೋಡಿದ್ದೆನಾ?"

ನಾನು ಕಟ್ಟದ ಗಂಟನ್ನು ನಂಬಿ ಹತ್ತುವವನ ಕೆಳಗೆ ನಾನು ನಿಲ್ಲಲಾರೆ ಎಂದು ಅದೇ ಸಂಜೆ ರಾಜೀನಾಮೆ ಬರೆದೆ. ಆಳುಗಳನ್ನು ಕಡಿಮೆ ಮಾಡುವ ಉಸಾಬರಿಯಲ್ಲಿದ್ದ ಮ್ಯಾನೇಜರಿಗೆ ಸಂತೋಷವೇ ಆಗಿರಬೇಕು. ಹೊರಡುವ ಮೊದಲು ಒಂದೇ ಒಂದು ಷರತ್ತು ಹಾಕಿದೆ: ವಾಮನನ ಕೆಳಗೆ ಇಬ್ಬರಿರಬೇಕು, ಇಲ್ಲವಾದರೆ ಅವನು ಹತ್ತಕೂಡದು. ಏನಾಯಿತೋ, ಮ್ಯಾನೇಜರು ಈ ಸಲ ತಕರಾರು ಮಾಡದೆ ಬರೆದುಕೊಟ್ಟರು. ಎಲ್ಲರ ಹಾಗೆ ನನ್ನನ್ನೂ ಕಂಪನಿ ಕಳಿಸಿತೆಂದು ಊರಿನವರು ತಿಳಿದರು. ನಾನು ತಿದ್ದಲಿಲ್ಲ.

ವಾಮನ ಈಗ ಊರಿನಲ್ಲಿದ್ದಾನೆ, ಆರೋಗ್ಯವಾಗಿದ್ದಾನೆ. ಆಗಾಗ ಅವನ ಹೆಂಡತಿಯೇ ಫೋನು ಮಾಡಿ, "ನಿಮ್ಮಿಂದ ಇವರು ಉಳಿದದ್ದು" ಎನ್ನುತ್ತಾರೆ. ಅಲ್ಲಮ್ಮ, ನಾನಲ್ಲ ಎಂದು ಎಷ್ಟು ಸಲ ಹೇಳಿದರೂ ಆಕೆ ಅದನ್ನು ನನ್ನ ವಿನಯವೆಂದು ತಿಳಿಯುತ್ತಾರೆ. ನನ್ನಲ್ಲಿ ವಿನಯವಿಲ್ಲ, ಎಂದೂ ಇರಲಿಲ್ಲ. ನನ್ನನ್ನು ಬಲ್ಲವರೆಲ್ಲರಿಗೂ ಅದು ಗೊತ್ತು. ನಾನು ಕಟ್ಟಿರಲಿಲ್ಲ.